ಮೊಣಕಾಲು ಹೋದ ಮೇಲೆ ಆಟಗಾರನ ಒಂಬತ್ತು ತಿಂಗಳು

ರೇಡರ್ ಗೆರೆಯತ್ತ ತಿರುಗಲು ಕಾಲೂರುತ್ತಾನೆ. ಪಾದ ನೆಲಕ್ಕೆ ಕಚ್ಚಿಕೊಂಡಿರುತ್ತದೆ, ಮೈ ತಿರುಗಿಬಿಡುತ್ತದೆ. ಒಳಗೆ ‘ಕಟ್’ ಎಂದ ಸದ್ದು ಅವನಿಗಷ್ಟೇ ಕೇಳುತ್ತದೆ. ಮೊಣಕಾಲಿನೊಳಗಿನ ಎಸಿಎಲ್ ಎಂಬ ಲಿಗಮೆಂಟ್ ಎಷ್ಟೋ ಸಲ ಹರಿಯುವುದು ಹೀಗೆಯೇ, ಯಾರೂ ಬಡಿಯದೆ. ರಗ್ಬಿಯಲ್ಲೂ ಇದೇ ಕತೆ. 2025ರ ಜೂನ್‌ನಲ್ಲಿ ಮುಂಬೈಯಲ್ಲಿ ನಡೆದ ಮೊದಲ ರಗ್ಬಿ ಪ್ರೀಮಿಯರ್ ಲೀಗಿನಲ್ಲಿ ಬೆಂಗಳೂರು ಬ್ರೇವ್‌ಹಾರ್ಟ್ಸ್ ಎಂಬ ತಂಡವೂ ಇತ್ತು. ಆದರೆ ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ಚಿಂಚೋಳಿ ಕಡೆ ಮೈಗೆ ಮೈ ತಾಗುವ ಆಟವೆಂದರೆ ಕಬಡ್ಡಿ. ಹಾಗಾಗಿ ಕಬಡ್ಡಿಯ ಹುಡುಗನನ್ನೇ ಮುಂದಿಟ್ಟುಕೊಂಡು ನೋಡೋಣ.

ಮೊದಲ ಕೆಲವು ಗಂಟೆಗಳಲ್ಲೇ ಮೊಣಕಾಲು ಊದಿದರೆ ಒಳಗೆ ರಕ್ತ ಸೋರಿದೆ ಎಂದು ಶಂಕಿಸಬೇಕು. ಊರಲ್ಲಿ ಕೇಳಿಬರುವ ಮೊದಲ ಸಲಹೆ ‘ಉಳುಕೇದ, ತಿಕ್ಕಿಸ್ಕೊಂಡು ಬಾ’ ಎನ್ನುವುದು. ಆಗ ತಿಕ್ಕಿಸುವುದೇ ತಪ್ಪು. ಐಸ್ ಇಟ್ಟು, ಬಟ್ಟೆ ಸುತ್ತಿ, ಕಾಲು ಎತ್ತರದಲ್ಲಿಟ್ಟು ಕಲಬುರಗಿಗೆ ಹೋಗಿ ಮೂಳೆ ಡಾಕ್ಟರಿಗೆ ತೋರಿಸಬೇಕು. ಅವರು ಕೈಯಿಂದಲೇ ಮೊಣಕಾಲ ಕೆಳಗಿನ ಎಲುಬನ್ನು ಮುಂದಕ್ಕೆ ಎಳೆದು ನೋಡುತ್ತಾರೆ. ಲಿಗಮೆಂಟ್ ಹರಿದಿದೆಯೇ ಎಂಬುದನ್ನು ಎಂಆರ್‌ಐ ಖಚಿತಪಡಿಸುತ್ತದೆ. ಕೆಲವು ವಾರ ಕಳೆದರೆ ಊತ ಇಳಿಯುತ್ತದೆ, ನಡೆಯಲೂ ಬರುತ್ತದೆ. ಹುಡುಗರು ಮೋಸಹೋಗುವುದು ಇಲ್ಲೇ. ನೇರ ನಡೆಯುವುದಕ್ಕೆ ಎಸಿಎಲ್ ಅಷ್ಟಾಗಿ ಬೇಕಿಲ್ಲ, ತಿರುಗುವುದಕ್ಕೆ ಬೇಕು. ಹರಿದ ಮೊಣಕಾಲಿನಲ್ಲೇ ಮತ್ತೆ ಅಂಕಣಕ್ಕಿಳಿದರೆ ಒಳಗಿನ ಮೆತ್ತೆಯಂಥ ಮೆನಿಸ್ಕಸ್ ಕೂಡ ಹರಿಯಬಹುದು.

ಪೂರ್ತಿ ಹರಿದ ಎಸಿಎಲ್ ಅನ್ನು ಸಾಮಾನ್ಯವಾಗಿ ಹೊಲಿದು ಬಿಡುವುದಿಲ್ಲ. ತೊಡೆಯ ಹಿಂಭಾಗದ ಸ್ನಾಯುರಜ್ಜುವನ್ನೋ, ಮೊಣಕಾಲ ಚಿಪ್ಪಿನ ಕೆಳಗಿನ ರಜ್ಜುವನ್ನೋ ತೆಗೆದು, ಎಲುಬಿಗೆ ರಂಧ್ರ ಕೊರೆದು ಅದರಲ್ಲಿ ತೂರಿಸಿ ಬಿಗಿಯುತ್ತಾರೆ. ಆ ಹೊಸ ಎಳೆ ದಿನದಿನಕ್ಕೆ ಗಟ್ಟಿಯಾಗುತ್ತಾ ಹೋಗುತ್ತದೆ ಎಂದುಕೊಂಡರೆ ಪೂರ್ತಿ ನಿಜವಲ್ಲ. ಮೊದಲ ತಿಂಗಳುಗಳಲ್ಲಿ ಅದು ಹಳೆಯ ಜೀವಕೋಶ ಕಳೆದುಕೊಂಡು ಇನ್ನಷ್ಟು ದುರ್ಬಲವಾಗುತ್ತದೆ. ರಕ್ತನಾಳ ಬೆಳೆದು ಲಿಗಮೆಂಟಿನ ಗುಣ ಬರುವುದು ಆಮೇಲೆ. ನೋವು ಮಾಯವಾಗಿ ಹುಡುಗ ‘ಎಲ್ಲಾ ಸರಿ ಆಯ್ತು’ ಎನ್ನುವುದೂ ಆ ದುರ್ಬಲ ತಿಂಗಳುಗಳಲ್ಲೇ. ಓಸ್ಲೊದಲ್ಲಿ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒಂಬತ್ತು ತಿಂಗಳ ತನಕ ಆಟವನ್ನು ಮುಂದೂಡಿದ ಒಂದೊಂದು ತಿಂಗಳಿಗೂ ಮರುಗಾಯದ ಪ್ರಮಾಣ ಸುಮಾರು ಅರ್ಧಕ್ಕಿಳಿದಿತ್ತು.

ಆದ್ದರಿಂದ ಆಪರೇಷನ್ನಿಗಿಂತ ಮನೆಯ ವ್ಯಾಯಾಮಕ್ಕೆ ನಾನು ಹೆಚ್ಚು ಬೆಲೆ ಕೊಡುತ್ತೇನೆ. ಶುರುವಾಗುವುದು ತೀರಾ ಸಣ್ಣದರಿಂದ: ಸುತ್ತಿದ ಟವೆಲನ್ನು ಮೊಣಕಾಲ ಕೆಳಗಿಟ್ಟು ಒತ್ತುವುದು, ಚಿಪ್ಪಿನ ಮೇಲಿನ ಸ್ನಾಯು ಬಿಗಿಯಾಯಿತೇ ಎಂದು ಬೆರಳಿಟ್ಟು ನೋಡುವುದು. ಆಪರೇಷನ್ ಆದ ಕಾಲಿನ ತೊಡೆ ಕೆಲವೇ ವಾರಗಳಲ್ಲಿ ಸಣ್ಣಗಾಗುತ್ತದೆ. ಟೇಪಿನಿಂದ ಎರಡೂ ತೊಡೆ ಅಳೆದರೆ ಗೊತ್ತಾಗುತ್ತದೆ. ಮುಂದೆ ಒಂಟಿಕಾಲಿನ ಜಿಗಿತದ ಪರೀಕ್ಷೆ. ಒಳ್ಳೆಯ ಕಾಲಿನಲ್ಲಿ 150 ಸೆಂ.ಮೀ. ಜಿಗಿದರೆ ಈ ಕಾಲಿನಲ್ಲಿ ಕನಿಷ್ಠ 135 ದಾಟಬೇಕು, ಅಂದರೆ ಶೇ. 90. ಕ್ಯಾಲೆಂಡರೂ ಒಪ್ಪಬೇಕು, ಟೇಪೂ ಒಪ್ಪಬೇಕು.

ಅಲ್ಲಿಯತನಕ ಹೊಟ್ಟೆಪಾಡು? ಜಾತ್ರೆಯ ಟೂರ್ನಮೆಂಟಿನಲ್ಲಿ ಕರಾರಿನ ಮಾತೇ ಇರುವುದಿಲ್ಲ, ಬಿದ್ದವನ ಖರ್ಚು ಅವನದೇ. ಲೀಗಿನಲ್ಲಿ ಆಡುವವನು ಸಹಿಗೆ ಮುಂಚೆಯೇ ಚಿಕಿತ್ಸೆ ಯಾರದು, ಆಡದ ತಿಂಗಳುಗಳ ಸಂಬಳವೇನು ಎಂದು ಕೇಳಿಡಬೇಕು. ವಾಡಿ, ಸೇಡಂ ಕಡೆ ಸಿಮೆಂಟ್ ಕಾರ್ಖಾನೆಗಳಲ್ಲಿ ದುಡಿಯುತ್ತಾ ಆಡುವವನ ಬಳಿ ಇಎಸ್‌ಐ ಕಾರ್ಡ್ ಇರಬಹುದು. ಅದು ಕೆಲಸದಲ್ಲಾದ ಗಾಯಕ್ಕಷ್ಟೇ ಎಂದು ಹಲವರ ತಿಳಿವಳಿಕೆ. ಆಟದಲ್ಲಾದ ಗಾಯಕ್ಕೂ, ವಂತಿಗೆಯ ದಿನಗಳು ಸಾಕಷ್ಟಿದ್ದು ಡಾಕ್ಟರರ ಸರ್ಟಿಫಿಕೇಟ್ ಇದ್ದರೆ, ವರ್ಷಕ್ಕೆ 91 ದಿನಗಳವರೆಗೆ ವೇತನದ ಶೇ. 70ರಷ್ಟು ಅನಾರೋಗ್ಯ ಭತ್ಯೆ ಸಿಗುತ್ತದೆ. ಇಎಸ್‌ಐಸಿ ಆಸ್ಪತ್ರೆ ಕಲಬುರಗಿಯ ಸೇಡಂ ರಸ್ತೆಯಲ್ಲೇ ಇದೆ. ಕಾರ್ಡ್ ಇಲ್ಲದ ಬಿಪಿಎಲ್ ಕುಟುಂಬದವರು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಈ ಆಪರೇಷನ್ ಬರುತ್ತದೆಯೇ ಎಂದು ಆಸ್ಪತ್ರೆಯ ಆರೋಗ್ಯಮಿತ್ರರನ್ನು ಮೊದಲೇ ಕೇಳಲಿ.

ಇನ್ನೊಂದು ಲೆಕ್ಕವಿದೆ, ಅದನ್ನು ಯಾರೂ ಹೇಳಿಕೊಡುವುದಿಲ್ಲ. ರೈಲ್ವೆಯಂಥ ಕಡೆ ಕ್ರೀಡಾ ಕೋಟಾದಲ್ಲಿ ನೌಕರಿಗೆ ಕಳೆದ ಕೆಲವೇ ವರ್ಷಗಳ ಸಾಧನೆಯನ್ನು ಪರಿಗಣಿಸುತ್ತಾರೆ. ಕಾಲು ವಾಸಿಯಾಗುವ ಹೊತ್ತಿಗೆ ಹಳೆಯ ರಾಜ್ಯಮಟ್ಟದ ಸರ್ಟಿಫಿಕೇಟಿನ ಅವಧಿಯೂ ಮುಗಿಯುತ್ತಿರುತ್ತದೆ. ಗಾಯವಾದ ವಾರದಲ್ಲೇ ಸರ್ಟಿಫಿಕೇಟುಗಳ ತಾರೀಖು ನೋಡಿಕೊಂಡರೆ ಯಾವ ಅರ್ಜಿಗೆ ಯಾವುದು ನಡೆಯುತ್ತದೆಂದು ಗೊತ್ತಾಗುತ್ತದೆ.

ಎಲ್ಲರೂ ಮರಳುವುದಿಲ್ಲ. ವೇಲ್ಸ್ ರಗ್ಬಿ ತಂಡದ ನಾಯಕನಾಗಿದ್ದ ಸ್ಯಾಮ್ ವಾರ್ಬರ್ಟನ್ ಕುತ್ತಿಗೆ ಮತ್ತು ಮೊಣಕಾಲಿನ ಆಪರೇಷನ್ ಬಳಿಕ 2018ರಲ್ಲಿ 29ನೇ ವಯಸ್ಸಿಗೇ ಆಟ ಬಿಟ್ಟರು, ಆಮೇಲೆ ಟಿವಿಯಲ್ಲಿ ವಿಶ್ಲೇಷಕರಾದರು. ಮರಳಿದವರೂ ಇದ್ದಾರೆ: ನಮ್ಮ ಕ್ರಿಕೆಟಿಗ ಜಾವಗಲ್ ಶ್ರೀನಾಥ್ 1997ರಲ್ಲಿ ಭುಜದ ಗಾಯದಿಂದ ವೆಸ್ಟ್ ಇಂಡೀಸ್ ಪ್ರವಾಸವನ್ನೇ ಕಳೆದುಕೊಂಡರು. ಆಪರೇಷನ್ ಮಾಡಿಸಿಕೊಂಡು ಮರಳಿದವರು 1999ರಲ್ಲಿ ಕೋಲ್ಕತ್ತದಲ್ಲಿ ಪಾಕಿಸ್ತಾನದ ವಿರುದ್ಧ ಒಂದೇ ಟೆಸ್ಟಿನಲ್ಲಿ 13 ವಿಕೆಟ್ ಕಿತ್ತರು. 2003ರ ವಿಶ್ವಕಪ್ ತನಕ ಆಡಿ, 2006ರಿಂದ ಐಸಿಸಿ ಮ್ಯಾಚ್ ರೆಫರಿ. ಕೈಯಲ್ಲಿ ಮೈಸೂರಿನ ಎಂಜಿನಿಯರಿಂಗ್ ಪದವಿಯೂ ಇತ್ತೆನ್ನಿ, ಆ ಧೈರ್ಯ ಬೇರೆ.

ಕಬಡ್ಡಿಯವನಿಗೂ ಅಂಕಣದ ಪಕ್ಕದ ಕೆಲಸಗಳಿವೆ. ಹಿಂದೆ ಆಟಗಾರರಾಗಿದ್ದ ಕನ್ನಡಿಗ ಬಿ.ಸಿ. ರಮೇಶ್ ಕೋಚ್ ಆಗಿ 2024ರಲ್ಲಿ ಪುಣೇರಿ ಪಲ್ಟನ್‌ಗೆ ಪ್ರೊ ಕಬಡ್ಡಿ ಪ್ರಶಸ್ತಿ ಗೆಲ್ಲಿಸಿಕೊಟ್ಟರು. ಕೋಚಿಂಗ್ ಡಿಪ್ಲೊಮಾಕ್ಕೆ ಪಟಿಯಾಲದ ಎನ್‌ಐಎಸ್ ಹೆಸರುವಾಸಿ. ಕಾಲು ಚಾಚಿ ಮನೆಯಲ್ಲಿ ಕೂತಿರುವ ತಿಂಗಳುಗಳು ಅದರ ಅರ್ಜಿಗೆ ಬೇಕಾದ ಕಾಗದ ಹೊಂದಿಸಲು, ರೆಫರಿ ಪರೀಕ್ಷೆಯ ನಿಯಮ ಓದಲು ಧಾರಾಳ ಸಾಕು.