ವೈಫೈ ಸಿಗ್ನಲ್ ಫುಲ್, ಆದರೂ ಮೋಟರ್ ಆಫ್‌ಲೈನ್: ರೂಟರ್‌ನಲ್ಲಿ ಐಪಿ ಅಡ್ರೆಸ್ ಖಾಲಿಯಾದಾಗ ಏನು ಮಾಡಬೇಕು?

ಕಳೆದ ಬೇಸಿಗೆಯಲ್ಲಿ ನನ್ನ ನರ್ಸರಿಯ 30 ಪ್ರೋಟ್ರೇ ಮೆಣಸಿನ ಸಸಿ ಒಂದೇ ಮಧ್ಯಾಹ್ನಕ್ಕೆ ಒಣಗಿ ಹೋಯ್ತು. ಟ್ರೇಗೆ 98 ಗುಂಡಿ, ಅಂದರೆ ಹತ್ತಿರ ಹತ್ತಿರ 3 ಸಾವಿರ ಸಸಿ. ರೋಗ ಅಲ್ಲ, ಹುಳ ಅಲ್ಲ, ಬೋರ್‌ನಲ್ಲಿ ನೀರೂ ಇತ್ತು. ರೂಟರ್‌ನಲ್ಲಿ ಐಪಿ ಅಡ್ರೆಸ್ ಮುಗಿದು ಹೋಗಿತ್ತು, ಅಷ್ಟೇ!

ಆಗಿದ್ದು ಹೀಗೆ. ಶನಿವಾರ ಬೆಳಿಗ್ಗೆ ಟಿಸಿ ಸುಟ್ಟು ಎರಡು ದಿನ ಕರೆಂಟ್ ಇರಲಿಲ್ಲ. ಸಸಿಗೆ ಕೈಯಲ್ಲೇ ನೀರು ಹಾಕಿದ್ವಿ. ರೂಟರ್ ಮಾತ್ರ ಬ್ಯಾಟರಿಯಲ್ಲಿ ಓಡ್ತಿತ್ತು. ಭಾನುವಾರ ತೋಟ ನೋಡೋಕೆ 25 ಜನ ಬಂದಿದ್ದರು. ವೈಫೈ ಪಾಸ್‌ವರ್ಡ್ ಗೋಡೆ ಮೇಲೇ ಬರೆದಿತ್ತು, ಎಲ್ಲರೂ ಕನೆಕ್ಟ್ ಆದರು. ಸೋಮವಾರ ಬೆಳಿಗ್ಗೆ ಕರೆಂಟ್ ಬಂತು. ಇನ್ನು ಮೋಟರ್ ತಾನೇ ಆನ್ ಆಗುತ್ತೆ ಅಂತ ನಂಬಿ ನಾನು ಪೇಟೆಗೆ ಹೋದೆ. ಮಧ್ಯಾಹ್ನ ಕೆಲಸದವರ ಫೋನ್ ಬಂತು: "ಅಣ್ಣ, ಸಸಿ ಎಲ್ಲಾ ಬಾಡಿ ಮಲಗವೆ."

ಐಪಿ ಅಡ್ರೆಸ್ ಯಾಕೆ ಖಾಲಿಯಾಗುತ್ತೆ?

ವೈಫೈಗೆ ಸೇರುವ ಪ್ರತಿ ಫೋನ್, ಟಿವಿ, ಕ್ಯಾಮೆರಾ, ಮೋಟರ್ ಕಂಟ್ರೋಲರ್‌ಗೆ ರೂಟರ್ ಒಂದೊಂದು ಐಪಿ ಅಡ್ರೆಸ್ ಕೊಡಬೇಕು. ಈ ಹಂಚುವ ಕೆಲಸಕ್ಕೆ ಡಿಎಚ್‌ಸಿಪಿ ಅಂತಾರೆ. ಇದು ಹೊಲ ಗುತ್ತಿಗೆಗೆ ಕೊಟ್ಟ ಹಾಗೆ. ಗುತ್ತಿಗೆದಾರ ಬಿತ್ತಲಿ, ಬಿಡಲಿ, ಅವಧಿ ಮುಗಿಯೋವರೆಗೆ ಆ ಹೊಲವನ್ನು ಬೇರೆಯವರಿಗೆ ಕೊಡೋಕಾಗಲ್ಲ. ಆ ಅವಧಿಯೇ ಲೀಸ್ ಟೈಮ್.

ನನ್ನ ರೂಟರ್‌ನಲ್ಲಿ ಲೀಸ್ 24 ಗಂಟೆ ಇತ್ತು. ಹಂಚೋಕೆ ಇದ್ದದ್ದು 192.168.1.2 ರಿಂದ 192.168.1.33 ರವರೆಗೆ, ಒಟ್ಟು 32 ಅಡ್ರೆಸ್. ಮನೆಯವು 8, ಬಂದವರ ಫೋನ್ 25. ಕೆಲವರ ಹತ್ತಿರ ಎರಡೆರಡು. ಕರೆಂಟ್ ಇಲ್ಲದೆ ಕಂಟ್ರೋಲರ್‌ನ ಗುತ್ತಿಗೆ ಮುಗಿದಿತ್ತು, ಅದರ ಜಾಗ ಯಾವುದೋ ಫೋನ್‌ಗೆ ಹೋಗಿತ್ತು. ಬಂದವರು ಊರಿಗೆ ಹೋದರೂ ಅವರ ಗುತ್ತಿಗೆ ಸೋಮವಾರವೂ ಜಾರಿಯಲ್ಲಿತ್ತು.

ಇನ್ನೊಂದು ವಿಷಯ. ಈಗಿನ ಫೋನ್‌ಗಳು ತಮ್ಮ ನಿಜವಾದ ಮ್ಯಾಕ್ ಅಡ್ರೆಸ್ ಬದಲು ಬೇರೊಂದನ್ನು ತೋರಿಸುತ್ತವೆ. ಆಂಡ್ರಾಯ್ಡ್ 10 ರಿಂದ ಇದು ಮಾಮೂಲಿ. ಕೆಲವು ಸೆಟ್ಟಿಂಗ್‌ನಲ್ಲಿ ಅದು ಆಗಾಗ ಬದಲಾಗುತ್ತದೆ. ಆಗ ಒಂದೇ ಫೋನ್ ಎರಡು ಮೂರು ಅಡ್ರೆಸ್ ಹಿಡಿದುಕೊಳ್ಳಬಹುದು.

ಪತ್ತೆ ಹಚ್ಚೋದು ಹೇಗೆ?

ಸಿಗ್ನಲ್ ಇದ್ದೂ ಹೊಸ ಫೋನ್ "ಐಪಿ ಅಡ್ರೆಸ್ ಪಡೆಯಲಾಗುತ್ತಿದೆ" ಅಂತಲೇ ನಿಂತರೆ, ಲ್ಯಾಪ್‌ಟಾಪ್‌ನಲ್ಲಿ 169.254 ರಿಂದ ಶುರುವಾಗುವ ಅಡ್ರೆಸ್ ಕಂಡರೆ, ಅನುಮಾನ ಪಡಿ. ಕನೆಕ್ಟ್ ಆಗಿರುವ ಫೋನ್‌ನ ಬ್ರೌಸರ್‌ನಲ್ಲಿ 192.168.1.1 ಅಥವಾ 192.168.0.1 ಹಾಕಿ (ಸರಿಯಾದದ್ದು ರೂಟರ್ ಕೆಳಗಿನ ಸ್ಟಿಕ್ಕರ್‌ನಲ್ಲಿರುತ್ತೆ). ಒಳಗೆ ಡಿಎಚ್‌ಸಿಪಿ ಕ್ಲೈಂಟ್ ಲಿಸ್ಟ್ ನೋಡಿ. ಮ್ಯಾಕ್ ಅಡ್ರೆಸ್‌ನ ಎರಡನೇ ಅಕ್ಷರ 2, 6, ಎ ಅಥವಾ ಇ ಆಗಿದ್ದರೆ ಅದು ಹೆಚ್ಚಾಗಿ ಫೋನ್ ಸೃಷ್ಟಿಸಿದ ಅಡ್ರೆಸ್.

ಸರಿ ಮಾಡೋದು ಹೇಗೆ?

ಮೊದಲು ಈಗಿರುವ ಸೆಟ್ಟಿಂಗ್‌ನ ಫೋಟೋ ತೆಗೆದುಕೊಳ್ಳಿ. ಆಮೇಲೆ:

1. ಮೋಟರ್ ಕಂಟ್ರೋಲರ್, ಕ್ಯಾಮೆರಾಗಳಿಗೆ ಅಡ್ರೆಸ್ ರಿಸರ್ವೇಶನ್ ಮಾಡಿ. ಅವುಗಳ ಜಾಗ ಬೇರೆಯವರಿಗೆ ಹೋಗಲ್ಲ. ಬೇರೆ ಏನೂ ಮಾಡದಿದ್ದರೂ ಇದೊಂದು ಮಾಡಿ.
2. ಲೀಸ್ ಟೈಮ್ 2 ಗಂಟೆಗೆ ಇಳಿಸಿ. ಕೆಲವು ರೂಟರ್‌ನಲ್ಲಿ 120 ನಿಮಿಷ, ಕೆಲವದರಲ್ಲಿ 7200 ಸೆಕೆಂಡ್ ಅಂತ ಹಾಕಬೇಕು.
3. ಹಂಚುವ ವ್ಯಾಪ್ತಿ ಹೆಚ್ಚಿಸಿ. ಕೊನೆಯ ಅಂಕಿ 33 ಇದ್ದದ್ದನ್ನು ನಾನು 200 ಮಾಡಿದೆ. ಮನೆ ರೂಟರ್‌ನಲ್ಲಿ ಸಾಮಾನ್ಯವಾಗಿ 254 ರವರೆಗೆ ಹೋಗಬಹುದು.
4. ಪಾಸ್‌ವರ್ಡ್ ಬದಲಾಯಿಸಿ, ಗೋಡೆ ಮೇಲಿಂದ ಅಳಿಸಿ. ಕಂಟ್ರೋಲರ್‌ಗೂ ಹೊಸ ಪಾಸ್‌ವರ್ಡ್ ಕೊಡೋದು ಮರೀಬೇಡಿ.
5. ಪಂಪ್‌ಹೌಸ್‌ಗೆ ಹಳೇ ರೂಟರ್ ಹಾಕಿದ್ದರೆ ಅದರ ಐಪಿ ಬದಲಾಯಿಸಿ, ಡಿಎಚ್‌ಸಿಪಿ ಆಫ್ ಮಾಡಿ. ಇಬ್ಬರು ಹಂಚೋಕೆ ನಿಂತರೆ ಗೊಂದಲ ಗ್ಯಾರಂಟಿ.

ರೂಟರ್ ಆಫ್ ಮಾಡಿ ಆನ್ ಮಾಡಿದರೆ ಎಷ್ಟೋ ಸಲ ಸರಿಯಾಗುತ್ತೆ, ಆದರೆ ಅದು ತಾತ್ಕಾಲಿಕ. ಮುಂದಿನ ಗುಂಪು ಬಂದಾಗ ಮತ್ತೆ ಅದೇ ಕಥೆ.

ಕೊನೆಯ ಮಾತು. ವೈಫೈ ಹೋದರೂ ತನ್ನ ಒಳಗಿನ ಟೈಮರ್ ಮೇಲೆ ಓಡುವ ಕಂಟ್ರೋಲರ್ ತಗೊಳ್ಳಿ, ಪಕ್ಕದಲ್ಲಿ ಕೈ ಸ್ವಿಚ್ ಇರಲಿ, ಅದನ್ನು ಒತ್ತೋದು ಮನೆಯಲ್ಲಿ ಎಲ್ಲರಿಗೂ ಗೊತ್ತಿರಲಿ. ಅವತ್ತು ನಮ್ಮಲ್ಲಿ ಸ್ವಿಚ್ ಇತ್ತು, ಆದರೆ ಅದು ಎಲ್ಲಿದೆ ಅಂತ ನನ್ನ ಬಿಟ್ಟು ಯಾರಿಗೂ ಗೊತ್ತಿರಲಿಲ್ಲ.