ಹೀರೋ ಹಾರಿದ, ನಾನೂ ಹಾರಿದೆ... ಮುರಿದದ್ದು ನನ್ನ ಕೈ!

ಇವತ್ತು ನನ್ನದೇ ಒಂದು ‘ಸ್ಟಂಟ್ ಸೀನ್’ ಹೇಳ್ತೀನಿ. ನಗಬಾರದು, ಆಯ್ತಾ?

ಪಿಯುಸಿ ಓದುತ್ತಿದ್ದ ಕಾಲ. ಮ್ಯಾಟಿನಿ ಶೋ ಮುಗಿಸಿ ಗೆಳೆಯರ ಜತೆ ಬಸ್ಸಿನಲ್ಲಿ ಊರಿಗೆ ಬರ್ತಾ ಇದ್ದೆ. ಹೀರೋ ಓಡುವ ರೈಲಿನಿಂದ ಹಾರಿ, ಎದ್ದು, ಕ್ರಾಪು ಸರಿಮಾಡಿಕೊಂಡು ನಡೆದದ್ದೇ ಕಣ್ಣಿಗೆ ಕಟ್ಟಿತ್ತು. ಬಸ್‌ಸ್ಟ್ಯಾಂಡ್ ಹತ್ತಿರವಾಯಿತು, ಬಸ್ಸು ಇನ್ನೂ ಓಡುತ್ತಲೇ ಇತ್ತು. ನಾನು ಮುಂದಿನ ಬಾಗಿಲಲ್ಲಿ ನಿಂತು, ಹಿಂದಿನ ಸೀಟಿನ ಗೆಳೆಯರತ್ತ ಮುಖಮಾಡಿ, ಕೈ ಬೀಸಿ ಹಾರಿಯೇಬಿಟ್ಟೆ! ಮರುಕ್ಷಣ ರಸ್ತೆಯಲ್ಲಿ ಅಂಗಾತ. ಬಲಗೈ ಮಣಿಕಟ್ಟು ಮುರಿದಿತ್ತು. ವಿಸಿಲ್ ಊದಿ ಬಸ್ ನಿಲ್ಲಿಸಿ ಓಡಿಬಂದ ಕಂಡಕ್ಟರ್ ಕೇಳಿದ್ದು ಒಂದೇ ಮಾತು: “ಏನಪ್ಪಾ ಹೀರೋ, ಪಿಕ್ಚರ್ ಮುಗೀತಾ?”

ಮುಗಿದದ್ದು ಪಿಕ್ಚರ್ ಅಲ್ಲ, ನನ್ನ ಒಂದು ವರ್ಷ. ಪರೀಕ್ಷೆ ಬರೆಯೋಕೆ ಆಗಲಿಲ್ಲ. ಆಸ್ಪತ್ರೆ ಖರ್ಚಿಗೆ ಅಪ್ಪ ಸಾಲ ಮಾಡಿದರು.

ನಾನ್ಯಾಕೆ ಬಿದ್ದೆ? ಬ್ಯಾಂಡೇಜ್ ಕಟ್ಟಿಕೊಂಡು ಕೂತಾಗ ಫಿಸಿಕ್ಸ್ ಮೇಷ್ಟ್ರು ಬಿಡಿಸಿ ಹೇಳಿದರು. ಬಸ್ಸಿನಲ್ಲಿ ಇರೋವಷ್ಟು ಹೊತ್ತು ನಮ್ಮ ಮೈಗೂ ಬಸ್ಸಿನದೇ ವೇಗ. ಕಾಲು ನೆಲ ಮುಟ್ಟಿ ನಿಂತುಬಿಡುತ್ತೆ. ಮೇಲಿನ ಮೈ ನಿಲ್ಲೋದಿಲ್ಲ, ಬಸ್ಸಿನ ದಿಕ್ಕಿಗೇ ಹೊರಡುತ್ತೆ. ನ್ಯೂಟನ್ ಸಾಹೇಬರು 1687ರಲ್ಲೇ ಪುಸ್ತಕದಲ್ಲಿ ಬರೆದಿಟ್ಟ ನಿಯಮ ಇದು. ಹಿಂದಕ್ಕೆ ಮುಖಮಾಡಿ ಹಾರಿದ ನಾನು ಅಂಗಾತ ಬೀಳದೆ ಇನ್ನೇನಾಗ್ತಿದ್ದೆ?

ಇನ್ನೊಂದು ಲೆಕ್ಕ ಕೇಳಿ, ಎದೆ ಝಲ್ಲೆನ್ನುತ್ತೆ. ಗಂಟೆಗೆ 18 ಕಿಲೋಮೀಟರ್ ಓಡುವ ಬಸ್ಸಿನ ವೇಗವೂ, ಸುಮಾರು 1.25 ಮೀಟರ್ ಎತ್ತರದಿಂದ ಬಿದ್ದವನು ನೆಲ ಮುಟ್ಟುವಾಗಿನ ವೇಗವೂ ಒಂದೇ. ಬಸ್ಸು 36ಕ್ಕೆ ಏರಿತೋ, ಆ ಎತ್ತರ 5 ಮೀಟರ್! ವೇಗ ಎರಡು ಪಟ್ಟಾದರೆ ಎತ್ತರ ನಾಲ್ಕು ಪಟ್ಟು. 5 ಮೀಟರ್ ಎತ್ತರದ ಮಾಳಿಗೆಯಿಂದ ಹಾರು ಅಂದ್ರೆ ಯಾರಾದ್ರೂ ಹಾರ್ತೀರಾ?

ಹಾಗಾದ್ರೆ ಫೈಟರ್‌ಗಳು ಹೇಗೆ ಹಾರ್ತಾರೆ? ಗುಟ್ಟು ಇಷ್ಟೇ: ಮೂಳೆ ಮುರಿಯೋದು ಬೀಳೋದರಿಂದಲ್ಲ, ತಟ್ಟನೆ ನಿಲ್ಲೋದರಿಂದ!

ಕ್ರಿಕೆಟ್ ನೋಡಿ. ಸುಮಾರು 160 ಗ್ರಾಂ ಚೆಂಡು ಗಂಟೆಗೆ 72 ಕಿಲೋಮೀಟರ್ ವೇಗದಲ್ಲಿ ಬಂತು ಅನ್ನಿ. ಕೈ ಬಿಗಿಹಿಡಿದು 4 ಸೆಂಟಿಮೀಟರಿನಲ್ಲಿ ನಿಲ್ಲಿಸಿದರೆ ಅಂಗೈ ಮೇಲೆ 80 ಕಿಲೋ ಮೂಟೆ ಕೂತಷ್ಟು ಒತ್ತಡ. ಕೈಯನ್ನು ಚೆಂಡಿನ ಜತೆಗೇ ಹಿಂದಕ್ಕೆಳೆದು 40 ಸೆಂಟಿಮೀಟರಿನಲ್ಲಿ ನಿಲ್ಲಿಸಿದರೆ ಬರೀ 8 ಕಿಲೋ! ಟೆಸ್ಟ್‌ಗಳಲ್ಲಿ 210 ಕ್ಯಾಚ್ ಹಿಡಿದ ನಮ್ಮ ರಾಹುಲ್ ದ್ರಾವಿಡ್ ಕೈಗಳನ್ನು ನೆನಪಿಸಿಕೊಳ್ಳಿ. ಚೆಂಡನ್ನು ತಡೆಯುತ್ತಿರಲಿಲ್ಲ, ಬರಮಾಡಿಕೊಳ್ಳುತ್ತಿದ್ದವು.

ಸ್ಟಂಟಿನ ಮರ್ಮವೂ ಅದೇ. ಮಹಡಿಯಿಂದ ಬೀಳುವ ಫೈಟರ್‌ಗೆ ಕೆಳಗೆ, ಕ್ಯಾಮೆರಾ ಕಣ್ಣಿಗೆ ಬೀಳದ ಹಾಗೆ, ಖಾಲಿ ರಟ್ಟಿನ ಪೆಟ್ಟಿಗೆ ಪೇರಿಸಿ ಮೇಲೆ ಹಾಸಿಗೆ ಹಾಸಿರ್ತಾರೆ. ಪೆಟ್ಟಿಗೆಗಳು ಒಂದೊಂದಾಗಿ ಅಪ್ಪಚ್ಚಿಯಾಗುತ್ತಾ ಅವನ ವೇಗವನ್ನು ನಿಧಾನವಾಗಿ ನುಂಗುತ್ತವೆ. ನಾವು ನೋಡೋದು ಹಾರಿದ್ದನ್ನು ಮಾತ್ರ. ಬಿದ್ದ ಜಾಗವನ್ನು ಎಡಿಟರ್ ಕತ್ತರಿ ಹಾಕಿರ್ತಾರೆ!

ಅಷ್ಟೆಲ್ಲ ಏರ್ಪಾಡಿದ್ದೂ ಲೆಕ್ಕ ತಪ್ಪುತ್ತೆ. 1982ರ ಜುಲೈ, ಬೆಂಗಳೂರಿನಲ್ಲಿ ‘ಕೂಲಿ’ ಹಿಂದಿ ಚಿತ್ರದ ಶೂಟಿಂಗ್. ಹೊಡೆದಾಟದ ದೃಶ್ಯದಲ್ಲಿ ಅಮಿತಾಭ್ ಬಚ್ಚನ್ ಹೊಟ್ಟೆಗೆ ಮೇಜಿನ ಅಂಚು ಬಡಿಯಿತು. ಹಾಸಿಗೆಯ ಮೇಲಾದರೆ ಪೆಟ್ಟು ಮೈಯೆಲ್ಲಾ ಹಂಚಿಹೋಗುತ್ತೆ. ಅಂಚಿನ ಮೇಲೆ ಬಿದ್ದರೆ ಅಷ್ಟೂ ಬೆರಳಗಲದ ಜಾಗಕ್ಕೇ! ಕರುಳಿಗೆ ಗಾಯವಾಗಿ ಸಾವಿನ ಬಾಗಿಲು ತಟ್ಟಿ ಬಂದರು. 1983ರಲ್ಲಿ ಚಿತ್ರ ತೆರೆಕಂಡಾಗ ಆ ದೃಶ್ಯವನ್ನು ಒಂದು ಗಳಿಗೆ ನಿಲ್ಲಿಸಿ, ಪೆಟ್ಟು ಬಿದ್ದದ್ದು ಇಲ್ಲೇ ಎಂದು ತೋರಿಸಿದರು. ಸೂಪರ್‌ಸ್ಟಾರ್ ಅಂತ ನ್ಯೂಟನ್ ರಿಯಾಯಿತಿ ಕೊಡಲಿಲ್ಲ!

ಮಳೆಗಾಲ ಬಂದರೆ ನನ್ನ ಮಣಿಕಟ್ಟು ಈಗಲೂ ನೋಯುತ್ತೆ. ಮಿತ್ರರೇ, ಈ ಪತ್ರಿಕೆ ಕೊಂಡದ್ದು ಬಸ್‌ಸ್ಟ್ಯಾಂಡಿನಲ್ಲೇ ತಾನೆ? ಹಾಯಾಗಿ ಓದುತ್ತಾ ಹೋಗಿ. ಬಸ್ಸು ಪೂರ್ತಿ ನಿಂತ ಮೇಲೇ ಇಳೀರಿ. ಸಿನಿಮಾದವರಿಗೆ ರೀಟೇಕ್ ಉಂಟು, ನಮ್ಮ ಮೂಳೆಗಿಲ್ಲ!