ಕಾಲ್ನಡಿಗೆಯವರ ಪಾಲಿನ ಬೀದಿ

ಬೆಂಗಳೂರಿನ ಮಲ್ಲೇಶ್ವರದಲ್ಲಿ ಬೆಳಗಿನ ಆರು ಗಂಟೆಗೆ ಮರಗಳ ಕೆಳಗೆ ನಡೆದಾಡುವವರನ್ನು ನೋಡಿ. ಎಂಟು ಗಂಟೆಗೆ ಪೀಣ್ಯದ ಗಾರ್ಮೆಂಟ್ಸ್ ಕಾರ್ಖಾನೆಗಳತ್ತ ಬಿರಬಿರನೆ ಸಾಗುವ ಹೆಣ್ಣುಮಕ್ಕಳನ್ನೂ ನೋಡಿ. ಮೊದಲಿನವರು ನಡೆಯುವುದು ಆರೋಗ್ಯಕ್ಕೆ. ಎರಡನೆಯವರು ನಡೆಯುವುದು ಅನ್ನಕ್ಕೆ. ೨೦೨೩ರಿಂದ ಹೆಂಗಸರಿಗೆ ಸರ್ಕಾರಿ ಬಸ್ಸಿನ ಪ್ರಯಾಣ ಉಚಿತವಾಗಿದೆ, ನಿಜ. ಆದರೆ ಬಸ್ಸು ನಿಲ್ಲುವ ತಾಣದವರೆಗೆ ನಡೆದೇ ಹೋಗಬೇಕಲ್ಲವೆ?

ಬೀದಿ ಒಳ್ಳೆಯದಾದರೆ ಜನ ನಡೆಯುತ್ತಾರೆ ಎಂಬುದು ಸಾಮಾನ್ಯ ನಂಬಿಕೆ. ಇದು ಅರ್ಧ ಸತ್ಯ. ಮನೆಯಲ್ಲಿ ಕಾರುಳ್ಳವನು ಕಲ್ಲುಚಪ್ಪಡಿ ಮುರಿದಿದ್ದರೆ ಕಾರು ಹತ್ತುತ್ತಾನೆ. ವಾಹನವಿಲ್ಲದವನು ಚಪ್ಪಡಿ ಮುರಿದಿದ್ದರೂ ನಡೆಯುತ್ತಾನೆ, ಚರಂಡಿ ಬಾಯಿ ತೆರೆದಿದ್ದರೆ ರಸ್ತೆಗೇ ಇಳಿಯುತ್ತಾನೆ. ಆದುದರಿಂದ ಒಂದು ಕೇರಿಯಲ್ಲಿ ನಡೆಯುವವರು ಹೆಚ್ಚೆಂದ ಮಾತ್ರಕ್ಕೆ ಅಲ್ಲಿನ ಬೀದಿ ಸುಖಕರವೆಂದು ತಿಳಿಯಲಾಗದು.

೧೮೯೮ರ ಪ್ಲೇಗಿನ ತರುವಾಯ ಗಾಳಿ ಬೆಳಕುಗಳಿಗಾಗಿ ಯೋಜಿಸಿ ಕಟ್ಟಿದ ಮಲ್ಲೇಶ್ವರ, ಬಸವನಗುಡಿಗಳಿಗೆ ನೇರವಾದ ಬೀದಿಗಳು ದೊರೆತವು. ನಗರ ಬೆಳೆಯುತ್ತ ನುಂಗಿಕೊಂಡ ಹಳ್ಳಿಗಳಿಗೆ ಆ ಭಾಗ್ಯವಿರಲಿಲ್ಲ. ಗಾಡಿಯ ಜಾಡೇ ಅಲ್ಲಿ ರಸ್ತೆಯಾಯಿತು. ಕೊಳವೆ, ತಂತಿಗಳನ್ನು ನೆಲದಡಿ ಹುದುಗಿಸಿ ಅಗಲವಾದ ಕಾಲುದಾರಿ ನಿರ್ಮಿಸುವ 'ಟೆಂಡರ್ ಶೂರ್' ಯೋಜನೆಯೂ ಮೊದಲು ಬಂದದ್ದು ರೆಸಿಡೆನ್ಸಿ ರಸ್ತೆ, ವಿಠಲ ಮಲ್ಯ ರಸ್ತೆಗಳಂಥ ನಗರಮಧ್ಯದ ಸಿರಿವಂತ ಬೀದಿಗಳಿಗೆ.

ಕಾಲ್ನಡಿಗೆಯವರು ಅಲ್ಪಸಂಖ್ಯರೇನಲ್ಲ. ೨೦೧೧ರ ಜನಗಣತಿಯಂತೆ, ದೇಶದಲ್ಲಿ ಬೇಸಾಯ, ಗೃಹಕೈಗಾರಿಕೆಗಳ ಹೊರಗೆ ದುಡಿಯುವವರಲ್ಲಿ ನೂರಕ್ಕೆ ೨೨ಕ್ಕೂ ಹೆಚ್ಚು ಮಂದಿ ಕೆಲಸಕ್ಕೆ ನಡೆದೇ ಹೋಗುತ್ತಿದ್ದರು. ಅವರು ತೆರುವ ಬೆಲೆಯೂ ಅಲ್ಪವಲ್ಲ: ೨೦೨೨ರಲ್ಲಿ ದೇಶದ ರಸ್ತೆಗಳಲ್ಲಿ ೩೨,೮೨೫ ಪಾದಚಾರಿಗಳು ಪ್ರಾಣ ಕಳೆದುಕೊಂಡರು.

ನಿಯಮಗಳಿಗೆ ಕೊರತೆಯಿಲ್ಲ. ಕಾಲುದಾರಿಯಲ್ಲಿ ಕನಿಷ್ಠ ೧.೮ ಮೀಟರ್ ಅಗಲ, ಎಂದರೆ ಸುಮಾರು ಆರು ಅಡಿ, ಅಡೆತಡೆಯಿಲ್ಲದೆ ತೆರವಾಗಿರಬೇಕೆಂದು ಇಂಡಿಯನ್ ರೋಡ್ಸ್ ಕಾಂಗ್ರೆಸ್ ೨೦೧೨ರಲ್ಲಿಯೇ ವಿಧಿಸಿದೆ. ಕಾಲುದಾರಿಯನ್ನು ಬಳಸುವ ಹಕ್ಕು ಸಂವಿಧಾನ ಕೊಟ್ಟ ಜೀವಿಸುವ ಹಕ್ಕಿನಲ್ಲಿಯೇ ಅಡಗಿದೆಯೆಂದು ಸರ್ವೋಚ್ಚ ನ್ಯಾಯಾಲಯವು ೨೦೨೫ರಲ್ಲಿ ಸಾರಿದೆ.

ಇನ್ನು ನಮ್ಮ ಪಾಲು. ಗೇಟಿನ ಮುಂದೆ ಕಾರು ಹತ್ತಿಸಲು ಕಾಲುದಾರಿಯನ್ನು ಅಗೆದು ಇಳಿಜಾರು ಕಟ್ಟುವವರು ನಾವೇ. ಅದರ ಮೇಲೆ ಸ್ಕೂಟರ್ ನಿಲ್ಲಿಸುವವರೂ ನಾವೇ. ಮನೆಗೆಲಸಕ್ಕೆ ಬರುವಾಕೆ ದಿನವೂ ಅದೇ ಜಾಗದಲ್ಲಿ ರಸ್ತೆಗಿಳಿದು, ಬಸ್ಸುಗಳ ನಡುವೆ ನುಸುಳಿ ನಮ್ಮ ಬಾಗಿಲಿಗೆ ಬರುತ್ತಾಳೆ. ಆ ಆರು ಅಡಿಯನ್ನು ಆಕೆಗೆ ಬಿಟ್ಟುಕೊಡಲು ಯಾವ ಯೋಜನೆಗಾಗಿಯೂ ಕಾಯಬೇಕಾಗಿಲ್ಲ.